ಕ್ಷೌರದ ಕತ್ತಿಗೆ ಸಾಣೆ ಹಿಡಿಯುವ ಬಗೆ

ಮಡಚುವ ಕ್ಷೌರದ ಕತ್ತಿಯನ್ನು ಮಸೆಯುವುದು ಅಡುಗೆಮನೆಯ ಚಾಕುವನ್ನು ಮಸೆಯುವುದಕ್ಕಿಂತ ಒಂದು ವಿಷಯದಲ್ಲಿ ಸುಲಭ, ಏಕೆಂದರೆ ಇಲ್ಲಿ ಕೋನವನ್ನು ಕೈಯಂದಾಜಿನಲ್ಲಿ ಹಿಡಿಯಬೇಕಾಗಿಲ್ಲ. ಅಲಗನ್ನು ಕಲ್ಲಿನ ಮೇಲೆ ಸಪಾಟಾಗಿ ಮಲಗಿಸಿದಾಗ ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ತಾಗುತ್ತವೆ. ಬೆನ್ನಿನ ದಪ್ಪ ಮತ್ತು ಅಲಗಿನ ಅಗಲವೇ ಕೋನವನ್ನು ನಿರ್ಧರಿಸಿಬಿಡುತ್ತವೆ. ಎರಡೂ ಬದಿ ಸೇರಿ ಅದು ಸುಮಾರು 16ರಿಂದ 18 ಡಿಗ್ರಿಯಷ್ಟಿರುತ್ತದೆ. ಕಲಿಯುವವರು ಸಾಮಾನ್ಯವಾಗಿ ಎಡವುವುದು ಮೊದಲ ಕಲ್ಲಿನ ಕೆಲಸವನ್ನು ಅರ್ಧಕ್ಕೇ ಬಿಟ್ಟು ನಯವಾದ ಕಲ್ಲಿಗೆ ಹೋಗುವ ಆತುರದಲ್ಲಿ.

ಕಲ್ಲುಗಳ ಒರಟುತನವನ್ನು ಗ್ರಿಟ್ ಸಂಖ್ಯೆಯಿಂದ ಗುರುತಿಸುತ್ತಾರೆ; ಸಂಖ್ಯೆ ಏರಿದಂತೆ ಕಣ ಸಣ್ಣದಾಗುತ್ತದೆ. 1000, 4000, 8000 ಮತ್ತು 12000ರ ನಾಲ್ಕು ಕಲ್ಲುಗಳಿದ್ದರೆ ಕೆಲಸ ಪೂರ್ತಿಯಾಗುತ್ತದೆ. ಬೆಲ್ಜಿಯಂನ ಆರ್ಡೆನ್ ಪ್ರದೇಶದಲ್ಲಿ ಸಿಗುವ ಕೋಟಿಕ್ಯೂಲ್‌ನಂತಹ ನೈಸರ್ಗಿಕ ಕಲ್ಲುಗಳಿಗೆ ಹೆಸರಿದೆ ನಿಜ, ಆದರೆ ಅವು ಒಂದರಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ ಹೊಸಬರಿಗೆ ಕಾರ್ಖಾನೆಯಲ್ಲಿ ತಯಾರಾದ ಕಲ್ಲೇ ವಾಸಿ. ಕಲಿಯುವ ಕತ್ತಿಯೂ ಅಷ್ಟೇ: ಬಾಯಿ ಚಕ್ಕೆಯೆದ್ದ, ತುಕ್ಕು ತಿಂದ ಹಳೆಯ ಕತ್ತಿಯನ್ನು ಅಗ್ಗವೆಂದು ಹಿಡಿದರೆ ತಪ್ಪು ಕೈಯದೋ ಕತ್ತಿಯದೋ ತಿಳಿಯುವುದೇ ಇಲ್ಲ.

ಮಸೆಯುವ ಮೊದಲು ಕಲ್ಲು ಸಮತಟ್ಟಾಗಿರಬೇಕು. ಅದರ ಮೇಲೆ ಪೆನ್ಸಿಲ್‌ನಿಂದ ಚೌಕಳಿ ಗೆರೆ ಎಳೆದು, ಗಾಜಿನ ಹಲಗೆಯ ಮೇಲಿಟ್ಟ ಒದ್ದೆ ಮರಳು ಕಾಗದಕ್ಕೆ ಗೆರೆಗಳೆಲ್ಲ ಒಂದೇ ಸಮನೆ ಅಳಿಸಿಹೋಗುವ ತನಕ ಉಜ್ಜಬೇಕು. ಕಲ್ಲಿನ ಚೂಪಾದ ಅಂಚುಗಳನ್ನೂ ಸ್ವಲ್ಪ ಸವೆಸಿಡುವುದು ಒಳ್ಳೆಯದು. ಮಸೆಯುವಾಗ ಕಲ್ಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ, ಮೇಲೆ ನೀರು ಚಿಮುಕಿಸಬೇಕು.

ಬಾಯಿ ಮುಂದಾಗಿ, ಬೆನ್ನು ಹಿಂದಾಗಿ ಅಲಗನ್ನು ತಳ್ಳಬೇಕು. ಕಲ್ಲಿನ ತುದಿ ಮುಟ್ಟಿದಾಗ ಕತ್ತಿಯನ್ನು ಎತ್ತದೆ ಬೆನ್ನಿನ ಮೇಲೆಯೇ ಹೊರಳಿಸಿ, ಇನ್ನೊಂದು ಬದಿಯಲ್ಲಿ ವಾಪಸು ತರಬೇಕು. ಬಾಯಿಯ ಮೇಲೆ ಹೊರಳಿಸಿದರೆ ಅಲ್ಲಿಯವರೆಗಿನ ಶ್ರಮವೆಲ್ಲ ಹಾಳು. ಅಲಗಿನ ಉದ್ದ ಸಾಮಾನ್ಯವಾಗಿ ಕಲ್ಲಿನ ಅಗಲಕ್ಕಿಂತ ಹೆಚ್ಚಾದ್ದರಿಂದ, ಬುಡದಿಂದ ಆರಂಭಿಸಿ ತುದಿಯಲ್ಲಿ ಮುಗಿಯುವಂತೆ ಓರೆಯಾಗಿ ಎಳೆಯಬೇಕು. ಹಿಡಿಯ ಬಳಿ ಅಲಗು ದಪ್ಪವಾಗುವ ಭಾಗ ಕಲ್ಲಿನ ಮೇಲೆ ಏರಬಾರದು, ಏಕೆಂದರೆ ಏರಿದರೆ ಬುಡದ ಬಾಯಿ ಕಲ್ಲಿಗೆ ತಾಗುವುದೇ ಇಲ್ಲ. ಒತ್ತಡದ ವಿಷಯದಲ್ಲಂತೂ ಕತ್ತಿಯ ತೂಕಕ್ಕೆ ಬೆರಳಿನ ಭಾರ ಸ್ವಲ್ಪ ಸೇರಿದರೆ ಸಾಕು. ಎರಡೂ ಬದಿ ಒಳಬಾಗಿ ತೆಳುವಾದ ಅಲಗು ಒತ್ತಿದಷ್ಟೂ ಬಾಗುತ್ತದೆ, ಆಗ ಬಾಯಿ ಒಂದೇ ಸಮನೆ ಸವೆಯುವುದಿಲ್ಲ.

1000ರ ಕಲ್ಲಿನ ಕೆಲಸವೆಂದರೆ ಬಾಯಿಯ ಎರಡೂ ಬದಿಯಲ್ಲಿ ಇರುವ ಕಿರಿದಾದ ಓರೆಮೈಗಳು ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ಕೂಡುವಂತೆ ಮಾಡುವುದು. ಇದಕ್ಕೆ ಇಷ್ಟೇ ಸುತ್ತು ಎಂದು ಲೆಕ್ಕ ಹೇಳುವವರನ್ನು ನಂಬಬೇಡಿ, ಕತ್ತಿಯ ಸ್ಥಿತಿಯೇ ಅದನ್ನು ಹೇಳಬೇಕು. ಓರೆಮೈಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಎಳೆದು ನೋಡಿದರೆ, ಮಸಿ ಉಳಿದ ಜಾಗಕ್ಕೆ ಕಲ್ಲು ಮುಟ್ಟಿಲ್ಲವೆಂದು ಅರ್ಥ. ದೀಪದ ಕೆಳಗೆ ಬಾಯಿಯನ್ನು ನೇರವಾಗಿ ಕಣ್ಣಿಗೆ ಎದುರಾಗಿ ಹಿಡಿದಾಗ ಎಲ್ಲಾದರೂ ಬಿಳಿ ಮಿನುಗು ಕಂಡರೆ ಅಲ್ಲಿ ಇನ್ನೂ ಮೊಂಡು ಇದೆ. ಕಲ್ಲಿನ ಮೇಲಿನ ನೀರನ್ನೂ ಗಮನಿಸಬೇಕು: ಓರೆಮೈ ಸರಿಯಾಗಿ ಕೂತಿದ್ದರೆ ಅಲಗಿನ ಮುಂದಿನ ನೀರು ಬಾಯಿಯನ್ನು ಹತ್ತಿ ಅಲಗಿನ ಮೇಲೆ ಹರಡಿಕೊಳ್ಳುತ್ತದೆ, ಕೂರದಿದ್ದ ಕಡೆ ಬಾಯಿಯ ಅಡಿಗೆ ನುಸುಳಿಹೋಗುತ್ತದೆ. ಕೊನೆಗೆ ಮುಂಗೈಯ ಕೂದಲನ್ನು ಅಲಗಿನ ಬುಡ, ನಡು, ತುದಿ ಮೂರೂ ಕಡೆಯಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ ಕತ್ತರಿಸಿ ನೋಡಿ, ಮೂರೂ ಕಡೆ ಸಲೀಸಾಗಿ ಕತ್ತರಿಸುವ ತನಕ ಈ ಕಲ್ಲನ್ನು ಬಿಡಬಾರದು. ಹೆಬ್ಬೆರಳನ್ನು ಬಾಯಿಯುದ್ದಕ್ಕೂ ಸವರಿ ಹರಿತ ನೋಡುವ ಅಭ್ಯಾಸ ಮಾತ್ರ ಬೇಡವೇ ಬೇಡ.

ಮುಂದಿನ ಕಲ್ಲುಗಳ ಕೆಲಸ ಹಿಂದಿನ ಕಲ್ಲಿನ ಗೀರುಗಳನ್ನು ಅಳಿಸುವುದಷ್ಟೇ. ಕಲ್ಲು ಬದಲಿಸುವಾಗಲೆಲ್ಲ ಕತ್ತಿಯನ್ನೂ ಕೈಯನ್ನೂ ತೊಳೆಯಬೇಕು, ಏಕೆಂದರೆ ಒರಟು ಕಲ್ಲಿನ ಒಂದೇ ಕಣ 8000ರ ಮೇಲೆ ಬಿದ್ದರೂ ಗೀರು ಮೂಡುತ್ತದೆ. ಒತ್ತಡವನ್ನು ಇಳಿಸುತ್ತಾ ಬಂದು, 12000ರಲ್ಲಿ ಕತ್ತಿಯ ತೂಕವೊಂದೇ ಉಳಿಯಬೇಕು.

ಆಮೇಲೆ ಚರ್ಮದ ಪಟ್ಟಿ. ಇಲ್ಲಿ ಎಳೆಯುವ ದಿಕ್ಕು ತಿರುಗುತ್ತದೆ: ಬೆನ್ನು ಮುಂದೆ, ಬಾಯಿ ಹಿಂದೆ, ಮರೆತರೆ ಚರ್ಮ ಸೀಳುತ್ತದೆ. ಪಟ್ಟಿಯನ್ನು ಜೋಲದಂತೆ ಬಿಗಿಯಾಗಿ ಹಿಡಿದು 40-50 ಸಲ ಹಗುರವಾಗಿ ಎಳೆದರೆ ಸಾಕು. ಕ್ಷೌರದ ವೇಳೆ ಕೂದಲು ಕೀಳಿದಂತೆನಿಸಿದರೆ ಮೊದಲು ಪಟ್ಟಿಯ ಮೇಲೆಯೇ ಎಳೆದು ನೋಡಿ, ಅದರಿಂದಲೂ ಸರಿಹೋಗದಿದ್ದರೆ 12000ರ ಮೇಲೆ ಕೆಲವು ಸುತ್ತು ಎಳೆಯಿರಿ. ಬಾಯಿಗೆ ಪೆಟ್ಟು ಬೀಳದ ಹೊರತು 1000ಕ್ಕೆ ಮರಳುವ ಅಗತ್ಯ ಬರುವುದಿಲ್ಲ. ಇಂಗಾಲದ ಉಕ್ಕಿನ ಕತ್ತಿಯಾದರೆ ಒಣಗಿಸಿ, ತೆಳುವಾಗಿ ಎಣ್ಣೆ ಸವರಿದ ಮೇಲೆಯೇ ಮಡಚಿಡಿ.