ಹಳೆಯ ಫಾಂಟಿನೊಳಗೆ ಸಿಕ್ಕಿಬಿದ್ದ ಪುಸ್ತಕವನ್ನು ಬಿಡಿಸಿಕೊಂಡದ್ದು

ಹೋದ ವರ್ಷ ಮಳೆಗಾಲದಲ್ಲಿ ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಗೆ ಬಂದರು. 2005ರಲ್ಲಿ ಅವರ ನೆನಪುಗಳ ಪುಸ್ತಕಕ್ಕೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಹೊಡೆದು ಪುಟ ಕಟ್ಟುವ ಕೆಲಸ, ಮಾಡಿದ್ದು ನಾನೇ. ಪ್ರತಿಗಳೆಲ್ಲ ಮುಗಿದಿವೆ, ದೂರದ ಊರಲ್ಲಿರುವ ಮೊಮ್ಮಗಳಿಗೆ ಮೊಬೈಲಿನಲ್ಲಿ ಓದುವ ಹಾಗೆ ಬೇಕಂತೆ. "ನೀನೇ ಟೈಪ್ ಮಾಡಿದ್ದಲ್ವೇನೋ? ಕಂಪ್ಯೂಟರಲ್ಲಿ ಇರ್ತದಲ್ಲ, ಅದನ್ನೇ ಕಳಿಸಿಬಿಡು" ಅಂದರು. "ಆಯ್ತು ಮೇಷ್ಟ್ರೇ, ನಾಳೆ ಕೊಡ್ತೀನಿ" ಅಂದೆ. ಕೊಡುವುದಕ್ಕೆ ಎರಡೂವರೆ ತಿಂಗಳು ಹಿಡಿಯಿತು.

ಫೈಲು ಇತ್ತು. ಆದರೆ ಅದು ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರಿನ ಫೈಲು. 2001ರಲ್ಲಿ ಬಂದ 7ನೇ ಆವೃತ್ತಿಯೇ ಪೇಜ್‌ಮೇಕರಿನ ಕೊನೆಯದು. ಅಕ್ಷರಗಳು ಆಗ ನಾನು ದುಡ್ಡು ಕೊಟ್ಟು ಕೊಂಡಿದ್ದ ಕನ್ನಡ ಪ್ಯಾಕೇಜಿನವು. ಅದಕ್ಕೊಂದು ಡಾಂಗಲ್ ಇತ್ತು, ಅದನ್ನು ಸಿಕ್ಕಿಸಿದರೆ ಮಾತ್ರ ಪ್ಯಾಕೇಜು ಕೆಲಸ ಮಾಡುವ ಬೀಗದಂಥ ಸಾಧನ. ಬೆಂಕಿಪೊಟ್ಟಣದಷ್ಟು ದಪ್ಪ, ಸಿಪಿಯು ಹಿಂದಿನ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿ ಎರಡೂ ಕಡೆ ಸ್ಕ್ರೂ ತಿರುಗಿಸಬೇಕು. ಈಗಿನ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲ. ಫಾಂಟನ್ನು ನಕಲು ಮಾಡಿ ಹಾಕಿದರೆ ಓದಲು ಬರುತ್ತದೆ, ಆದರೆ ಒಂದು ಅಕ್ಷರ ತಿದ್ದಬೇಕೆಂದರೂ ಡಾಂಗಲ್ ಬೇಕು. ಮಾರಿದವರ ನಂಬರಿಗೆ ಫೋನ್ ಮಾಡಿದೆ, ಚಾಲ್ತಿಯಲ್ಲಿಲ್ಲ.

ದೊಡ್ಡ ಬೀಗ ಡಾಂಗಲ್ ಅಲ್ಲ, ಸಂಕೇತ, ಅಂದರೆ ಕಂಪ್ಯೂಟರ್ ಒಂದೊಂದು ಅಕ್ಷರಕ್ಕೆ ಒಳಗೆ ಇಟ್ಟುಕೊಳ್ಳುವ ಸಂಖ್ಯೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ನಾವು ಮುದ್ರಣದವರು ಬಳಸುತ್ತಿದ್ದ ತಂತ್ರಾಂಶಗಳಿಗೆ ಅದು ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು ಬಂದವು, ನಾವು ಆಸ್ಕಿ ಫಾಂಟ್ ಅನ್ನುವುದು ಇವನ್ನೇ. ಕನ್ನಡ ಬರೆಯುವ ತಂತ್ರಾಂಶ ನುಡಿಯ ಆಸ್ಕಿ ಫಾಂಟಿನಲ್ಲಿ ಹೊಡೆದ 'ಕ'ದ ಫಾಂಟ್ ತೆಗೆದು ನೋಡಿ: ಇಂಗ್ಲಿಷಿನ ಪಿ, ಅದರ ಪಕ್ಕ ತಲೆಮೇಲೆ ಗೆರೆ ಇರುವ ಎ. 'ಮ' ಅನ್ನುವ ಅಕ್ಷರವೇ ಅಲ್ಲಿಲ್ಲ, 'ವ'ಕ್ಕೆ ಬಾಲ ಸೇರಿಸಿ 'ಮ' ಮಾಡಿರುತ್ತದೆ. ನುಡಿ, ಅದರಂಥದ್ದೇ ಇನ್ನೊಂದು ತಂತ್ರಾಂಶ ಬರಹ ಇಲ್ಲದಿದ್ದರೆ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ, ಆ ಋಣ ದೊಡ್ಡದು. ನುಡಿಯ ಅಕ್ಷರಗಳನ್ನು ಯೂನಿಕೋಡಿಗೆ ತರುವ ಉಚಿತ ಪರಿವರ್ತಕಗಳೂ ಇವೆ. ನನ್ನ ಪ್ಯಾಕೇಜಿನ ಜೋಡಣೆ ಮಾತ್ರ ಬೇರೆಯೇ ಇತ್ತು. ಅದನ್ನು ಆ ಪರಿವರ್ತಕಗಳಿಗೆ ಹಾಕಿದರೆ ಕಲಸುಮೇಲೋಗರ.

ಗುಜರಿಗೆ ಕೊಡದೆ ಅಟ್ಟದ ಮೇಲಿಟ್ಟಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇಳಿಸಿದೆ. ದೂಳು ಹೊಡೆದು, ರ‍್ಯಾಮ್ ತೆಗೆದು ಒರೆಸಿ ಹಾಕಿದ ಮೇಲೆ ಚಾಲೂ ಆಯಿತು. ಮೊದಲ ಕೆಲಸ ಎಲ್ಲ ಫೈಲುಗಳ ನಕಲು. ಆಮೇಲೆ ಪ್ರತಿ ಅಧ್ಯಾಯವನ್ನೂ ಬರೀ ಪಠ್ಯವಾಗಿ ಹೊರತೆಗೆದೆ. ಡಾಂಗಲ್ ಸಿಕ್ಕಿಸಿ ಅ ದಿಂದ ಳ ವರೆಗೆ, ಎಲ್ಲ ಕಾಗುಣಿತ, ಎಲ್ಲ ಒತ್ತು ಒಂದೊಂದಾಗಿ ಹೊಡೆದು, ಯಾವುದಕ್ಕೆ ಯಾವ ಸಂಕೇತ ಎಂದು ಪಟ್ಟಿ ಮಾಡಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂಬತ್ತು ದಿನದ ಕೆಲಸ ಅದು. ಪಟ್ಟಿ ನೋಡಿ ಬದಲಾಯಿಸುವ ಪೈಥಾನ್ ಪ್ರೋಗ್ರಾಮನ್ನು ನನ್ನ ಮಗಳು ಬರೆದಳು. ಉದ್ದದ ಜೋಡಣೆಗಳನ್ನು ಮೊದಲು ಬದಲಾಯಿಸಬೇಕು, ಇಲ್ಲದಿದ್ದರೆ 'ಮ'ದ ಒಳಗಿನ 'ವ' ಮೊದಲೇ ಬದಲಾಗಿ ಬಾಲ ಒಂದೇ ಉಳಿಯುತ್ತದೆ.

ಮೊದಲ ಸಲ ಓಡಿಸಿದಾಗ ತೆರೆಯ ಮೇಲೆ ಬಂದದ್ದು 'ಕನಾರ್ಟಕ', 'ಸೂಯರ್', 'ಧಮರ್'. ಇಂಥವನ್ನು ನೀವೂ ಎಷ್ಟೋ ಕಡೆ ನೋಡಿರುತ್ತೀರಿ. ಟೈಪಿಸ್ಟಿನ ತಪ್ಪಲ್ಲ ಅದು. ಆಸ್ಕಿ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಸಂಕೇತ ಇರುತ್ತದೆ, ಅರ್ಕಾವತ್ತು ಅಕ್ಷರದ ಆಚೆ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, 'ರ್' ಮೊದಲು ಬರಬೇಕು. ಹಾಗಾಗಿ ಅರ್ಕಾವತ್ತು ಕಂಡಲ್ಲೆಲ್ಲ ಹಿಂದಿನ ಇಡೀ ಅಕ್ಷರವನ್ನು, ಅದರ ಸ್ವರಚಿಹ್ನೆ, ಒತ್ತು ಸಮೇತ ದಾಟಿ ಹಿಂದಕ್ಕೆ ಒಯ್ಯಬೇಕು. ಬರೀ ವ್ಯಂಜನ ದಾಟಿದರೆ ಸಾಲದು. ಈ ಒಂದು ನಿಯಮ ಸರಿಹೋಗಲು ವಾರ ಬೇಕಾಯಿತು. 'ಪ್ರಾರ್ಥನೆ' ಸರಿಯಾಗಿ ಮೂಡಿದ ರಾತ್ರಿ ಮಗಳು ಅಡುಗೆಮನೆಯಲ್ಲಿದ್ದ ಅವಳಮ್ಮನನ್ನು ಕೂಗಿ ಕರೆದು ತೋರಿಸಿದಳು.

ಸೊನ್ನೆಯ ಕಾಟ ಇನ್ನೊಂದು. ಅನುಸ್ವಾರದ ಬದಲು ನಾನು ಎಷ್ಟೋ ಕಡೆ ಅಂಕಿಯ ೦ ಹೊಡೆದಿದ್ದೆ. ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಹುಡುಕಿದರೆ ಪದ ಸಿಗುವುದಿಲ್ಲ. ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡ ತುಣುಕುಗಳಾಗಿ ಬದಲಾಗಿದ್ದವು, ಬರೀ ಪಠ್ಯ ತೆಗೆದಾಗ ಫಾಂಟಿನ ಗುರುತು ಹೋಗಿಬಿಡುತ್ತದಲ್ಲ. ಅವನ್ನು ಅಚ್ಚಾದ ಪುಸ್ತಕ ಎದುರಿಗಿಟ್ಟುಕೊಂಡು ಕೈಯಲ್ಲೇ ತಿದ್ದಿದೆ. ಒಂದು ಅಧ್ಯಾಯದ ಫೈಲು ಕೆಟ್ಟಿತ್ತು. ಅದರ ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಓಸಿಆರ್ ತಂತ್ರಾಂಶದಿಂದ ಅಕ್ಷರ ತೆಗೆದೆ. ಕನ್ನಡಕ್ಕೂ ಅದು ಉಚಿತವಾಗಿಯೇ ಸಿಗುತ್ತದೆ. ಕೊನೆಗೆ ನೋಟೋ ಸೆರಿಫ್ ಕನ್ನಡ ಫಾಂಟಿನಲ್ಲಿ ಲಿಬ್ರೆಆಫೀಸಿನಲ್ಲಿ ಪುಟ ಕಟ್ಟಿದೆ.

ಇಷ್ಟು ವರ್ಷ ಡಿಟಿಪಿಯವರು ಗಿರಾಕಿಗೆ ಕೊಡುತ್ತಿದ್ದುದು ಟ್ರೇಸಿಂಗ್, ಅಂದರೆ ಅಚ್ಚಿಗೆ ಬೇಕಾದ ಪಾರದರ್ಶಕ ಹಾಳೆಯ ಮೇಲಿನ ಪುಟಗಳು, ಆಮೇಲೆ ಪಿಡಿಎಫ್. ಮೂಲ ಫೈಲು ನಮ್ಮಲ್ಲೇ ಉಳಿಯುತ್ತಿತ್ತು. ಮರುಮುದ್ರಣಕ್ಕೆ ನಮ್ಮ ಹತ್ತಿರವೇ ಬರಲಿ ಎನ್ನುವ ಲೆಕ್ಕ ನನಗೂ ಇತ್ತು. ಅದು ತಪ್ಪು. ಬರೆದವರ ಮಾತು ಬರೆದವರದ್ದು, ನನ್ನದು ಅಚ್ಚುಕಟ್ಟಿನ ಕೂಲಿ ಮಾತ್ರ. ಈಗ ಬಿಲ್ಲಿನ ಜೊತೆಗೆ ಯೂನಿಕೋಡ್ ಪಠ್ಯವನ್ನು ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ಹಳೆಯ ಫಾಂಟಿನಲ್ಲೇ ಕಳಿಸಿ ಎನ್ನುವ ಪ್ರೆಸ್ಸುಗಳು ಇನ್ನೂ ಇವೆ, ಅವರಿಗೆ ಬೇಕಾದ್ದನ್ನು ಅವರಿಗೆ ಕೊಟ್ಟು, ಗಿರಾಕಿಗೆ ಯೂನಿಕೋಡ್ ತಪ್ಪಿಸುವುದಿಲ್ಲ. ನೀವು ಪುಸ್ತಕ ಮಾಡಿಸುತ್ತಿದ್ದರೆ ಮುಂಗಡ ಕೊಡುವಾಗಲೇ ಇದನ್ನು ಕೇಳಿ.

ಮೇಷ್ಟ್ರಿಗೆ ಫೈಲು ಕಳಿಸಿದ ಸಂಜೆ ಅವರೇ ಫೋನ್ ಮಾಡಿದರು. ಮೊಮ್ಮಗಳು ತನ್ನ ಮುತ್ತಜ್ಜಿಯ ಹೆಸರು ಹೊಡೆದು ಹುಡುಕಿದಳಂತೆ, ಹದಿನಾಲ್ಕು ಕಡೆ ಸಿಕ್ಕಿತಂತೆ. ಅದೇ ಪ್ಯಾಕೇಜಿನಲ್ಲಿ ಮಾಡಿದ ಇನ್ನೂ ಇಪ್ಪತ್ತಾರು ಪುಸ್ತಕಗಳ ಫೈಲು ನನ್ನಲ್ಲಿವೆ. ಐದು ಮುಗಿದಿವೆ. ಎಕ್ಸ್‌ಪಿ ಕಂಪ್ಯೂಟರನ್ನು ಮತ್ತೆ ಅಟ್ಟಕ್ಕೆ ಏರಿಸಿಲ್ಲ.