ಹಾಲಿನ ಲೆಕ್ಕದ ಕೋಡನ್ನು ಹಸನು ಮಾಡಿದ ಬಗೆ

ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಬಟವಾಡೆಯ ಲೆಕ್ಕ ಮಾಡುವ ಪ್ರೋಗ್ರಾಮ್ ಒಂದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ಎಂಟು ತಿಂಗಳು ಅದು ತನ್ನ ಪಾಡಿಗೆ ನಡೆಯಿತು. ಹಾಲಿನ ದರ ಬದಲಾದ ದಿನ ಕಾರ್ಯದರ್ಶಿಯವರು ಫೋನ್ ಮಾಡಿದರು. ಒಂದು ಅಂಕಿ ತಿದ್ದಿದರಾಯಿತು ಎಂದು ಕಡತ ತೆರೆದೆ. ಎರಡು ಸಂಜೆ ಹಿಡಿಯಿತು. ‘ಕ್ಯಾಲ್ಕ್’ ಎಂಬ 180 ಸಾಲಿನ ಒಂದೇ ಫಂಕ್ಷನ್‌ನಲ್ಲಿ (ಹೆಸರಿಟ್ಟು ಕರೆಯುವ ಕೋಡಿನ ತುಂಡು) ದರ ಮೂರು ಕಡೆ ಅಡಗಿ ಕುಳಿತಿತ್ತು. ಆಮೇಲೆ ಆ ಕೋಡನ್ನು ಯಾವ ಕ್ರಮದಲ್ಲಿ ತಿದ್ದಿದೆನೋ ಅದನ್ನೇ ಇಲ್ಲಿ ಹೇಳುತ್ತೇನೆ. ಕೆಲಸ ಮಾಡುವ ಕೋಡ್ ಬರೆಯಲು ಬರುತ್ತದೆ, ಆದರೆ ಹಳೆಯದನ್ನು ಮುಟ್ಟಲು ಭಯವಾಗುತ್ತದೆ ಎನ್ನುವವರಿಗೆ ಇದು ಉಪಯೋಗಕ್ಕೆ ಬಂದೀತು.

ಮೊದಲು ಕೋಡನ್ನು ಮುಟ್ಟಲೇಬೇಡಿ. ಸರಿಯಾದ ಉತ್ತರ ಯಾವುದು ಎಂಬುದನ್ನು ಕೋಡಿನ ಹೊರಗಿನಿಂದ ತನ್ನಿ. ನಾನು ಕಾರ್ಯದರ್ಶಿಯವರ ಪಕ್ಕದಲ್ಲಿ ಕುಳಿತು, ಅವರು ಕೈಯಲ್ಲಿ ಲೆಕ್ಕ ಹಾಕಿದ್ದ ಇಪ್ಪತ್ತು ಹಳೆಯ ಬಿಲ್ಲುಗಳನ್ನು ಲೆಡ್ಜರ್‌ನಿಂದ ಬರೆದುಕೊಂಡೆ. ಲೀಟರ್, ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿರುವ ಘನಾಂಶ), ಕಡಿತ, ಕೊನೆಯ ಮೊತ್ತ ಇಷ್ಟನ್ನೂ ಪೈಟೆಸ್ಟ್ (ಕೋಡನ್ನು ತಾನಾಗಿಯೇ ಪರೀಕ್ಷಿಸುವ ಸಲಕರಣೆ) ಪರೀಕ್ಷೆಗಳಾಗಿ ಇಳಿಸಿದೆ. ಹತ್ತೊಂಬತ್ತು ಹೊಂದಿದವು. ಒಂದು ಹೊಂದಲಿಲ್ಲ. ಮೊತ್ತ 412.50 ಇದ್ದ ಕಡೆ ಲೆಡ್ಜರ್ 413 ಎನ್ನುತ್ತಿತ್ತು, ನನ್ನ ಪ್ರೋಗ್ರಾಮ್ 412 ಎನ್ನುತ್ತಿತ್ತು. ವಿಚಿತ್ರವೆಂದರೆ 413.50 ಇದ್ದ ಇನ್ನೊಂದು ಬಿಲ್ಲು ಸರಿಯಾಗಿ 414 ಆಗಿತ್ತು.

ಕಾರಣ ಹುಡುಕಲು ಅರ್ಧ ದಿನ ಬೇಕಾಯಿತು. ಪೈಥಾನ್ 3ರಲ್ಲಿ ಮೊತ್ತವನ್ನು ಪೂರ್ಣಾಂಕಕ್ಕೆ ಒಯ್ಯುವ ‘ರೌಂಡ್’ ಫಂಕ್ಷನ್ ಸರಿಯಾಗಿ ಅರ್ಧಕ್ಕೆ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. ಅನೇಕ ಮೊತ್ತಗಳನ್ನು ಕೂಡಿಸುವಾಗ ಒಟ್ಟು ಮೇಲ್ಮುಖವಾಗಿ ವಾಲದಿರಲಿ ಎಂಬುದು ಅದರ ಉದ್ದೇಶ. ನಮ್ಮ ಸಂಘದ ರೂಢಿ ಬೇರೆ: ಐವತ್ತು ಪೈಸೆ ಎಂದರೆ ಮೇಲಕ್ಕೆ, ಅಷ್ಟೇ. ಹಾಗಾಗಿ ದಶಮಾಂಶದ ಲೆಕ್ಕವನ್ನು ನಿಖರವಾಗಿ ಮಾಡುವ ‘ಡೆಸಿಮಲ್’ ಮಾಡ್ಯೂಲ್‌ಗೆ ಬದಲಾಯಿಸಿ, ಅರ್ಧವನ್ನು ಮೇಲಕ್ಕೆ ಒಯ್ಯುವ ನಿಯಮವನ್ನು ಬಾಯಿಬಿಟ್ಟು ಬರೆದೆ. ದರಗಳನ್ನು ಪಠ್ಯವಾಗಿಯೇ ಅದಕ್ಕೆ ಕೊಡಬೇಕು. ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಟ್ಟುಕೊಳ್ಳುವ ಸಂಖ್ಯೆಯ ಬಗೆ) ಆಗಿ ಕೊಟ್ಟರೆ ದೋಷವೂ ಜೊತೆಗೇ ಒಳಗೆ ಬರುತ್ತದೆ. 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಆ ಸದಸ್ಯರ ಒಂದು ರೂಪಾಯಿಯನ್ನು ಮುಂದಿನ ಬಟವಾಡೆಯಲ್ಲಿ ಸೇರಿಸಿದೆವು. ಒಂದು ರೂಪಾಯಿಯೇ ಇರಬಹುದು, ಆದರೆ ಅದು ಅವರು ಬೆಳಗಿನ ಜಾವ ಎದ್ದು ಕರೆದ ಹಾಲಿನ ದುಡ್ಡು.

ಪರೀಕ್ಷೆಗಳು ಕಾವಲಿಗೆ ನಿಂತ ಮೇಲೆ ಹೆಸರುಗಳ ಸರದಿ. ನಾನು ಬರೆದಿದ್ದ ಒಂದು ಸಾಲು ಹೀಗಿತ್ತು:

ಎಕ್ಸ್ = ಎ * ಬಿ - ಸಿ

ಈಗ ಹೀಗಿದೆ:

ಬಟವಾಡೆ = ಲೀಟರ್ * ದರ - ಹಿಂಡಿ_ಕಡಿತ

ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳು ನೇರವಾಗಿ ನಡೆಯುತ್ತವೆ. ಕನ್ನಡ ಬಾರದವರೂ ಓದುವ ಕೋಡಾದರೆ ಇಂಗ್ಲಿಷ್ ಹೆಸರುಗಳೇ ಇರಲಿ. ಭಾಷೆ ಯಾವುದಾದರೂ, ಆ ಕೆಲಸ ಮಾಡುವವರ ಬಾಯಲ್ಲಿರುವ ಮಾತನ್ನೇ ಹೆಸರಾಗಿ ಆರಿಸಿಕೊಳ್ಳಿ. ಕಾರ್ಯದರ್ಶಿಯವರು ‘ಸೆಷನ್’ ಎನ್ನುವುದಿಲ್ಲ, ‘ಸಂಜೆ ಸರದಿ’ ಎನ್ನುತ್ತಾರೆ. ಅವರ ಮಾತು ನನ್ನ ಕೋಡಿನಲ್ಲಿದ್ದರೆ ಅವರ ದೂರು ಯಾವ ಸಾಲಿಗೆ ಸೇರಿದ್ದು ಎಂದು ಕೂಡಲೇ ತಿಳಿಯುತ್ತದೆ. ಒಂದು ಫಂಕ್ಷನ್‌ಗೆ ಎಷ್ಟು ಯೋಚಿಸಿದರೂ ಹೆಸರು ಹೊಳೆಯದಿದ್ದರೆ, ಬಹುಮಟ್ಟಿಗೆ ಅದು ಎರಡು ಕೆಲಸ ಮಾಡುತ್ತಿರುತ್ತದೆ.

ದೊಡ್ಡ ಫಂಕ್ಷನ್ ಒಡೆಯಲು ಎಲ್ಲಿ ಗೆರೆ ಎಳೆಯಬೇಕು ಎಂಬ ಪ್ರಶ್ನೆಗೆ ನಿಮ್ಮ ಕೋಡಿನಲ್ಲೇ ಗುರುತುಗಳಿರುತ್ತವೆ. ‘ಇಲ್ಲಿಂದ ಕಡಿತದ ಲೆಕ್ಕ’ ಎಂದು ಟಿಪ್ಪಣಿ ಹಾಕಿದ್ದೀರಲ್ಲ, ಆ ಟಿಪ್ಪಣಿಯೇ ಹೊಸ ಫಂಕ್ಷನ್‌ನ ಹೆಸರು. ನಾನು ಮುಖ್ಯವಾಗಿ ಮಾಡಿದ್ದು ಲೆಕ್ಕವನ್ನು ಓದು-ಬರಹದಿಂದ ಬೇರ್ಪಡಿಸಿದ್ದು. ಕಡತ ಓದುವುದು ಒಂದು ಕಡೆ, ಚೀಟಿ ಮುದ್ರಿಸುವುದು ಇನ್ನೊಂದು ಕಡೆ, ನಡುವೆ ಬರೀ ಲೆಕ್ಕ. ಪ್ರಿಂಟರ್ ಇಲ್ಲದೆಯೂ ಇಪ್ಪತ್ತು ಬಿಲ್ಲುಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಪರೀಕ್ಷಿಸಲು ಸಾಧ್ಯವಾದದ್ದು ಇದರಿಂದ. ದರಪಟ್ಟಿ ಕೋಡಿನಿಂದ ಹೊರಬಿದ್ದು ಒಂದು ಸಿಎಸ್‌ವಿ ಕಡತವಾಯಿತು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಟ್ಟಿ). ಈಗ ದರ ಬದಲಾದರೆ ಕಾರ್ಯದರ್ಶಿಯವರೇ ತಿದ್ದುತ್ತಾರೆ.

ಪ್ರತಿ ಸಣ್ಣ ಬದಲಾವಣೆಯನ್ನೂ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಲಕರಣೆ) ಬೇರೆಯಾಗಿ ಉಳಿಸಿ. ಹೆಸರು ಬದಲಿಸಿದ್ದನ್ನೂ ಲೆಕ್ಕ ಬದಲಿಸಿದ್ದನ್ನೂ ಒಂದೇ ಕಮಿಟ್‌ನಲ್ಲಿ (ಹಾಗೆ ಒಮ್ಮೆಗೆ ಉಳಿಸಿದ ಬದಲಾವಣೆ) ಬೆರೆಸಬೇಡಿ. ಮುಂದೆಂದೋ ತಪ್ಪು ನುಸುಳಿದರೆ ‘ಗಿಟ್ ಬೈಸೆಕ್ಟ್’ ಪ್ರತಿ ಸಲ ಅರ್ಧಕ್ಕೆ ಅರ್ಧ ಕಡಿಮೆ ಮಾಡುತ್ತಾ 64 ಕಮಿಟ್‌ಗಳಲ್ಲಿ ತಪ್ಪಿತಸ್ಥನನ್ನು ಆರು ಹೆಜ್ಜೆಯಲ್ಲಿ ಹಿಡಿಯುತ್ತದೆ. ಹಿಡಿದದ್ದು 400 ಸಾಲಿನ ಕಮಿಟ್ ಆದರೆ ಏನು ಉಪಯೋಗ?

ಇನ್ನು ದಿನೇ ದಿನೇ ಸುಧಾರಿಸುವ ಮಾತು. ಪೈಥಾನ್ ಜೊತೆಗೇ ಬರುವ ‘ಟೆಕ್ಸ್ಟ್‌ರ‍್ಯಾಪ್’ನಂಥ ಚಿಕ್ಕ ಮಾಡ್ಯೂಲ್ ತೆರೆದು ಓದಿ, ಪಳಗಿದವರ ಕೈ ಹೇಗೆ ಓಡುತ್ತದೆ ಎಂದು ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ನನಗೆ ಕಲಿಸಿದ್ದು 200 ಪುಟದ ಒಂದು ನೋಟ್‌ಬುಕ್. ಪ್ರತಿ ತಪ್ಪಿಗೂ ಮೂರು ಸಾಲು: ಏನಾಯಿತು, ಏಕೆ ಕಾಣಲಿಲ್ಲ, ಈಗ ಯಾವ ಪರೀಕ್ಷೆ ಅದನ್ನು ಹಿಡಿಯುತ್ತದೆ. ತಿಂಗಳಿಗೊಮ್ಮೆ ಹಿಂದಿನ ಪುಟಗಳನ್ನು ತಿರುವುತ್ತೇನೆ. ಒಂದೇ ಬಗೆಯ ತಪ್ಪು ಮೂರು ಸಲ ಬಂದಿದ್ದರೆ ಆ ತಿಂಗಳು ಅದನ್ನೇ ಓದುತ್ತೇನೆ.

ಕಳೆದ ವಾರದ ಪುಟದಲ್ಲಿ ಹೀಗೆ ಬರೆದಿದ್ದೇನೆ: “‘ಗೋ’ದಿಂದ ಶುರುವಾಗುವ ಸದಸ್ಯರ ಹೆಸರು ಹುಡುಕಿದರೆ ಸಿಗಲಿಲ್ಲ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹೆಸರುಗಳನ್ನೆಲ್ಲ ಒಳಗೆ ಬರುವಾಗಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಆ ತುಂಡುಗಳು ಒಂದೇ ಸಂಕೇತವಾಗಿ ಕೂಡುವ ರೂಪಕ್ಕೆ, ತಂದೆ. ಎರಡೂ ಬಗೆಯ ‘ಗೋ’ ಇರುವ ಪರೀಕ್ಷೆ ಸೇರಿಸಿದೆ.”