ಮಾಗಿಯ ಚಳಿಯಲ್ಲಿ ಹಳೆಯ ಮಾರುತಿ 800: ಸ್ಟಾರ್ಟಿಂಗ್ ಮತ್ತು ಗೇರ್ ದೋಷಗಳನ್ನು ಪತ್ತೆ ಹಚ್ಚುವ ಬಗೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಡಿಸೆಂಬರ್–ಜನವರಿಯ ಬೆಳಗಿನ ತಾಪಮಾನ 10–14 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಸಾಮಾನ್ಯ. ಸುಸ್ಥಿತಿಯಲ್ಲಿರುವ ಕಾರು ಇಷ್ಟು ಚಳಿಗೆ ಜಗ್ಗಬಾರದು. ಕಾರ್ಬೊರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಭಾಗ) ಮತ್ತು ಕೈಯಿಂದ ಎಳೆಯುವ ಚೋಕ್ ಇರುವ ಹಳೆಯ ಮಾರುತಿ 800 ಈ ದಿನಗಳಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದೆ ಸತಾಯಿಸಿದರೆ, ಬೇಸಿಗೆಯಿಂದಲೇ ಬೆಳೆಯುತ್ತಿದ್ದ ದೌರ್ಬಲ್ಯವೊಂದು ಚಳಿಯಲ್ಲಿ ಹೊರಬಿದ್ದಿದೆ ಎಂದೇ ತಿಳಿಯಬೇಕು. ಅಂಥ ದೋಷ ಕಾಣಿಸುವುದು ಎಂಜಿನ್ ಪೂರ್ತಿ ತಣ್ಣಗಿರುವಾಗ. ಹೇಗೋ ತಳ್ಳಿ ಸ್ಟಾರ್ಟ್ ಮಾಡಿ, ಪೇಟೆಯವರೆಗೆ ಓಡಿಸಿಕೊಂಡು ಹೋಗಿ ಗ್ಯಾರೇಜಿನ ಮುಂದೆ ನಿಲ್ಲಿಸುವಷ್ಟರಲ್ಲಿ ಅದರ ಸುಳಿವು ಇಲ್ಲವಾಗಿರುತ್ತದೆ. ಆದ್ದರಿಂದ ಮೊದಲ ಪರೀಕ್ಷೆಗಳನ್ನು ಮನೆಯಂಗಳದಲ್ಲೇ, ಬೆಳಗಿನ ಮೊದಲ ಸ್ಟಾರ್ಟಿಗೆ ಮುನ್ನ ಮಾಡಿಕೊಳ್ಳಬೇಕು. ಸಾಧ್ಯವಾಗದಿದ್ದರೆ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬರುವುದು ಉತ್ತಮ.

ಕೀಲಿ ತಿರುಗಿಸಿದಾಗ ಸೆಲ್ಫ್ (ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೇಗೆ ವರ್ತಿಸುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಸೆಲ್ಫ್ ನಿಧಾನವಾಗಿ, ಎಳೆದೆಳೆದು ತಿರುಗಿದರೆ ದೋಷ ವಿದ್ಯುತ್ತಿನ ಕಡೆ ಇರುವ ಸಾಧ್ಯತೆ ಹೆಚ್ಚು. ಬರಿಯ ‘ಟಕ್’ ಎಂಬ ಸದ್ದು ಬಂದು ನಿಂತರೆ ಬ್ಯಾಟರಿ, ಟರ್ಮಿನಲ್ ಇಲ್ಲವೇ ಸೆಲ್ಫಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ಸೊಲೆನಾಯ್ಡ್ ಅನ್ನು ನೋಡಬೇಕು. ಸೆಲ್ಫ್ ರೊಯ್ಯನೆ ತಿರುಗಿಯೂ ಎಂಜಿನ್ ಅಲುಗದಿದ್ದರೆ ಸೆಲ್ಫಿನ ಚಿಕ್ಕ ಹಲ್ಲುಚಕ್ರವಾದ ಪಿನಿಯನ್, ಎಂಜಿನ್ನಿನ ದೊಡ್ಡ ಹಲ್ಲುಚಕ್ರವಾದ ಫ್ಲೈವೀಲ್‌ಗೆ ಕಚ್ಚಿಕೊಳ್ಳುತ್ತಿಲ್ಲ. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಮಾತ್ರ ಪೆಟ್ರೋಲ್ ಮತ್ತು ಕಿಡಿಯ ಕಡೆ ಹೋಗಬೇಕು. ಈ ವಿಂಗಡಣೆಯನ್ನು ಬಿಟ್ಟು ನೇರವಾಗಿ ಕಾರ್ಬೊರೇಟರ್ ಬಿಚ್ಚುವುದು ಹಣವನ್ನೂ ಸಮಯವನ್ನೂ ಹಾಳುಮಾಡುವ ದಾರಿ.

ಬ್ಯಾಟರಿಯ ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ; 12.2 ತೋರಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಉಳಿದಿದೆ. ಅನಂತರ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಚಾರ್ಜ್ ಆಗಿರುವ ಬ್ಯಾಟರಿಯೂ ಆಗ 9.6 ವೋಲ್ಟಿಗಿಂತ ಸಾಕಷ್ಟು ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ ಎಂದರ್ಥ. ಬ್ಯಾಟರಿಯ ಪ್ಲೇಟುಗಳನ್ನು ಸವೆಸುವುದು ಏಪ್ರಿಲ್–ಮೇ ತಿಂಗಳ ಸೆಖೆ; ಚಳಿಯಲ್ಲಿ ಒಳಗಿನ ರಾಸಾಯನಿಕ ಕ್ರಿಯೆ ಮಂದವಾಗುವುದರಿಂದ ಆ ಸವೆತ ಕಣ್ಣಿಗೆ ಬೀಳುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಎಳೆಯುತ್ತಿದ್ದರೆ ಬ್ಯಾಟರಿಯ ಮೈನಸ್ ಕಡೆಯನ್ನು ಕಾರಿನ ಲೋಹಕ್ಕೆ ಜೋಡಿಸುವ ಅರ್ಥ್ ಪಟ್ಟಿಯನ್ನು ಶಂಕಿಸಬೇಕು. ಮಲೆನಾಡಿನ ಮಳೆಗಾಲ ಕಂಡ ಕಾರುಗಳಲ್ಲಿ ಅದು ಬಾಡಿಗೂ ಗೇರ್ ಬಾಕ್ಸಿಗೂ ಸೇರುವಲ್ಲಿ ತುಕ್ಕು ಹಿಡಿದಿರುವುದು ಸಾಮಾನ್ಯ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಮುಟ್ಟಿಸಿ ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿನಷ್ಟು ತೋರಿಸಿದರೆ ಅರ್ಥ್ ಕೆಟ್ಟಿದೆ. ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದರೆ ಎಷ್ಟೋ ಸಲ ಹೊಸ ಬ್ಯಾಟರಿಯ ಖರ್ಚೇ ಉಳಿಯುತ್ತದೆ. ಇದರ ಜೊತೆಗೆ ಎಂಜಿನ್ ಆಯಿಲ್ ಯಾವುದೆಂದೂ ವಿಚಾರಿಸಬೇಕು. ಹೊಗೆ ಕಡಿಮೆ ಮಾಡಲೆಂದು ಯಾರಾದರೂ 20ಡಬ್ಲ್ಯು-50ರಂಥ ಗಟ್ಟಿ ಆಯಿಲ್ ಹಾಕಿದ್ದರೆ ಬೆಳಗಿನ ಸೆಲ್ಫಿಗೆ ಅದೂ ಭಾರವೇ.

ಇನ್ನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದ ಎಂಜಿನ್ನಿನ ವಿಚಾರ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸಲು ಚೋಕ್ ಇದೆ. ಏರ್ ಕ್ಲೀನರಿನ ಮುಚ್ಚಳ ತೆಗೆದು, ಕಾರಿನೊಳಗಿನ ಚೋಕ್ ಗುಂಡಿಯನ್ನು ಇನ್ನೊಬ್ಬರಿಂದ ಪೂರ್ತಿ ಎಳೆಸಿ, ಕಾರ್ಬೊರೇಟರಿನ ಬಾಯಲ್ಲಿರುವ ತಗಡು ಸಂಪೂರ್ಣ ಮುಚ್ಚಿಕೊಳ್ಳುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಕೇಬಲ್ ಸಡಿಲವಾಗಿ ತಗಡು ಅರ್ಧಕ್ಕೇ ನಿಲ್ಲುವುದು ಈ ಕಾರುಗಳಲ್ಲಿ ಬಹಳ ಕಾಣುವ ದೋಷ, ಮತ್ತು ಗುಂಡಿ ಪೂರ್ತಿ ಹೊರಬರುವುದರಿಂದ ಚಾಲಕರಿಗೆ ಅದು ತಿಳಿಯುವುದೇ ಇಲ್ಲ.

ಚೋಕ್ ಸರಿಯಿದ್ದರೆ, ಐದಾರು ಸೆಕೆಂಡ್ ಸೆಲ್ಫ್ ಹೊಡೆದ ನಂತರ ಒಂದು ಸ್ಪಾರ್ಕ್ ಪ್ಲಗ್ (ಕಿಡಿ ಹೊಮ್ಮಿಸುವ ಭಾಗ) ಬಿಚ್ಚಿ ನೋಡಬೇಕು. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ: ಕಾರು ಕೆಲವು ದಿನ ನಿಂತಿದ್ದಾಗ ಕಾರ್ಬೊರೇಟರಿನ ಬಟ್ಟಲು ಆರಿಹೋಗಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಹರಿದಿರಬಹುದು. ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಓವರ್‌ಫ್ಲೋ ಆಗಿದೆ (ಪೆಟ್ರೋಲ್ ಅತಿಯಾಗಿ ಬಂದಿದೆ) ಅಥವಾ ಕಿಡಿ ಬರುತ್ತಿಲ್ಲ. ಪ್ಲಗ್ಗುಗಳನ್ನು ಒರೆಸಿ ಹಾಕಿ, ಚೋಕ್ ಒಳತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆದಾಗ ಹೊತ್ತಿಕೊಂಡರೆ ಅದು ಓವರ್‌ಫ್ಲೋ. ಇಲ್ಲದಿದ್ದರೆ ಪ್ಲಗ್ಗುಗಳಿಗೆ ವಿದ್ಯುತ್ತನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆರೆಯಬೇಕು. ಮಂಜು ಬೀಳುವ ಊರುಗಳಲ್ಲಿ ಅದರೊಳಗೆ ಹನಿಗಟ್ಟಿದ ತೇವವೇ ಕಿಡಿಯನ್ನು ದಾರಿ ತಪ್ಪಿಸುತ್ತದೆ. ಒಣ ಬಟ್ಟೆಯಿಂದ ಒರೆಸಿ, ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಮುಚ್ಚಳ ಬದಲಿಸಬೇಕು. ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸಂಪರ್ಕ) ಇರುವ ಕಾರುಗಳಲ್ಲಿ ಅದರ ಸಂದು 0.4ರಿಂದ 0.5 ಮಿ.ಮೀ. ಇರಬೇಕು.

ಇತ್ತೀಚೆಗೆ ಸೇರಿಕೊಂಡಿರುವ ಇನ್ನೊಂದು ಅಂಶವೆಂದರೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಆವಿಯಾಗಲು ಎಥನಾಲ್ ಪೆಟ್ರೋಲಿಗಿಂತ ಬಹಳ ಹೆಚ್ಚು ಶಾಖವನ್ನು ಬೇಡುತ್ತದೆ, ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಇದಕ್ಕೆಂದು ರೂಪಿಸದ ಈ ಕಾರುಗಳಲ್ಲಿ ಪೈಪು ಮತ್ತು ಡಯಾಫ್ರಾಮನ್ನು ಎಥನಾಲ್ ತಾಳುವ ಬಗೆಯವಕ್ಕೆ ಬದಲಿಸಿಕೊಳ್ಳುವುದು ಬೆಂಕಿಯ ಅಪಾಯದ ದೃಷ್ಟಿಯಿಂದಲೂ ಅಗತ್ಯ.

ಎಂಜಿನ್ ಹೊತ್ತಿಕೊಂಡ ಮೇಲೆ ಗೇರ್ ಬಾಕ್ಸಿನ ಸರದಿ. ಚಳಿಯಲ್ಲಿ ಗೇರ್ ಆಯಿಲ್ ಜೋನಿಬೆಲ್ಲದಂತೆ ಮಂದವಾಗುವುದರಿಂದ ಮೊದಲ ಒಂದೆರಡು ಕಿಲೋಮೀಟರ್ ಗೇರ್ ಬಿಗಿಯಾಗಿರುವುದು ಸಹಜ. ಎಂಜಿನ್ ಆಫ್ ಇರುವಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಆನ್ ಮಾಡಿದಾಗ ಮಾತ್ರ ಬೀಳದಿದ್ದರೆ ದೋಷ ಕ್ಲಚ್ಚಿನದು. ಇದನ್ನು ಖಚಿತಪಡಿಸಿಕೊಳ್ಳಲು ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಕಾದು, ರಿವರ್ಸ್ ಹಾಕಬೇಕು. ರಿವರ್ಸಿಗೆ ಸಿಂಕ್ರೊನೈಸರ್ (ಗೇರುಗಳ ವೇಗವನ್ನು ಹೊಂದಿಸುವ ಭಾಗ) ಇಲ್ಲದ ಕಾರಣ ಕ್ಲಚ್ ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಪೂರ್ತಿ ಬೇರ್ಪಡಿಸದಿದ್ದರೆ ಅದು ಕರಕರನೆ ಉಜ್ಜುತ್ತದೆ. ಆಗ ಮೊದಲು ಕ್ಲಚ್ ಕೇಬಲ್ ಹೊಂದಿಸಬೇಕು. ಎಂಜಿನ್ ಆಫ್ ಇದ್ದಾಗಲೂ ಗೇರ್ ಬಿಗಿಯಾಗಿದ್ದರೆ ಗೇರ್ ಲಿವರನ್ನು ಗೇರ್ ಬಾಕ್ಸಿಗೆ ಜೋಡಿಸುವ ಲಿಂಕೇಜ್ ಒಣಗಿದೆ ಅಥವಾ ಆಯಿಲ್ ಸರಿಯಿಲ್ಲ.

ಎರಡನೇ ಗೇರಿಗೆ ಹಾಕುವಾಗ ಬೆಳಿಗ್ಗೆ ಮಾತ್ರ ಉಜ್ಜಿ, ಕಾರು ಬಿಸಿಯಾದ ಮೇಲೆ ಸರಿಹೋದರೆ ಆಯಿಲ್ ಬದಲಿಸಿ ನೋಡಬಹುದು. ಬಿಸಿಯಾದ ಮೇಲೂ ಉಜ್ಜಿದರೆ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್ ಸವೆದಿದೆ, ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ನ್ಯೂಟ್ರಲ್‌ನಲ್ಲಿ ಬರುವ ಗೊರಗೊರ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಅದು ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್. ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್.

ಹೊಸ ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲೆ ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಎಂದಿರುವುದನ್ನು ನೋಡಿಯೇ ಕೊಳ್ಳಬೇಕು, ಏಕೆಂದರೆ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್‌ಗೆಂದು ಮಾಡಿದ ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕದ ಅಂಶ ಹಿತ್ತಾಳೆಗೆ ಒಗ್ಗುವುದಿಲ್ಲ. ಹಳೆಯ ಆಯಿಲನ್ನು ಕಾರು ಬಿಸಿಯಿರುವಾಗ ಬಿಳಿ ಬಟ್ಟೆಯ ಮೂಲಕ ಸೋಸಿ ಇಳಿಸಬೇಕು: ನಯವಾದ ಹೊಳೆಯುವ ಪುಡಿ ಸಹಜ ಸವೆತದ್ದು, ಉಗುರಿಗೆ ಸಿಗುವಂಥ ಲೋಹದ ಚೂರು ಕಂಡರೆ ಆ ಬಟ್ಟೆಯನ್ನೇ ಮೆಕ್ಯಾನಿಕ್‌ಗೆ ತೋರಿಸಬೇಕು.